ಕೆಟ್ಟದ್ದು ಟೇಪಲ್ಲ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವಾಗ ಹೆಬ್ಬೂರು ಸಿಗುತ್ತದೆ. ಹೋಬಳಿ ಕೇಂದ್ರವಾದ್ದರಿಂದ ಸುತ್ತಲ ಹಳ್ಳಿಯವರು ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಬೆಳೆ ಸಾಲದ ನವೀಕರಣಕ್ಕೆ ಇಲ್ಲಿಗೇ ಬರುತ್ತಾರೆ. ಇವರೆಲ್ಲರ ಜಮೀನು, ಸಾಲ, ಠೇವಣಿ ಈಗ ಯಾವುದೋ ಒಂದು ಪೆಟ್ಟಿಗೆಯ ಒಳಗಿರುವ ಅಂಕಿಗಳು. ಆ ಪೆಟ್ಟಿಗೆ ಕೈಕೊಟ್ಟಾಗ ಕೇಳಿಬರುವ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: "ಬ್ಯಾಕಪ್ ಇತ್ತು ಸಾರ್, ಆದ್ರೆ ಟೇಪ್ ಕರಪ್ಟ್ ಆಗೋಗಿತ್ತು." ಅದರ ಹಿಂದೆಯೇ ಬರುವ ಇನ್ನೊಂದು ಮಾತು: "ಟೇಪೆಲ್ಲಾ ಹಳೇ ಕಾಲದ್ದು, ಕ್ಲೌಡ್‌ಗೆ ಹಾಕ್ಬಿಡಿ."

ಮೊದಲನೆಯದು ಬಹುಪಾಲು ಸುಳ್ಳು. ಎರಡನೆಯದು ಆ ಸುಳ್ಳಿನ ಮೇಲೆ ಕಟ್ಟಿದ ವ್ಯಾಪಾರ. ಟೇಪು ಕೆಟ್ಟಿತು ಎಂದು ಹೇಳುವವರಲ್ಲಿ ಎಷ್ಟು ಮಂದಿ ಆ ಟೇಪನ್ನು ಬೇರೊಂದು ಡ್ರೈವಿನಲ್ಲಿ ಹಾಕಿ ಓದಿಸಿ ನೋಡಿದ್ದಾರೆ? ಎಷ್ಟು ಮಂದಿ ಲಾಗನ್ನು ಕೊನೆಯ ಸಾಲಿನವರೆಗೆ ಓದಿದ್ದಾರೆ? ಕೇಳಿದರೆ ಉತ್ತರವಿಲ್ಲ. ಯಾಕೆಂದರೆ "ಟೇಪು ಕೆಟ್ಟಿತು" ಎನ್ನುವುದು ಪರೀಕ್ಷೆ ಮಾಡಿ ಕಂಡುಕೊಂಡ ಕಾರಣವಲ್ಲ; ಪರೀಕ್ಷೆಯನ್ನೇ ತಪ್ಪಿಸುವ ಉಪಾಯ. ಮಾರಿದವನು, ನೋಡಿಕೊಳ್ಳುವವನು, ಸಹಿ ಹಾಕಿದವನು ಎಲ್ಲರೂ ಒಟ್ಟಿಗೇ ಪಾರಾಗುತ್ತಾರೆ. ಬಾಯಿಲ್ಲದ ಪ್ಲಾಸ್ಟಿಕ್ ಡಬ್ಬಿಯೊಂದು ಅಪರಾಧಿಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನೇ ಅಗೆದು ಎಸೆದು ಹೊಸ ನೆಲಕ್ಕೆ ಟೆಂಡರ್ ಕರೆಯುತ್ತಾರೆ.

ಈ ಸೀಮೆಯ ಒಂದು ಸಹಕಾರ ಸಂಘದ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಿತ್ತು. ಸರ್ವರಿನ ಪಕ್ಕದಲ್ಲಿ ಡ್ಯಾಟ್ ಎಂಬ ಜಾತಿಯ ಒಂದು ಟೇಪ್ ಡ್ರೈವು, ಸುಮಾರು 4 ಮಿ.ಮೀ. ಅಗಲದ ಟೇಪು ಸುತ್ತಿದ, ಅಂಗೈಯಲ್ಲಿ ಅಡಗುವ ಕಾರ್ಟ್ರಿಡ್ಜುಗಳು. ಒಂದೊಂದರ ಮೇಲೂ ಸೋಮ, ಮಂಗಳ, ಬುಧ ಎಂದು ಚೀಟಿ. ಗುಮಾಸ್ತರು ಸಂಜೆ ಮನೆಗೆ ಹೊರಡುವ ಮುಂಚೆ ಆ ದಿನದ ಟೇಪು ತುರುಕುತ್ತಿದ್ದರು, ಬೆಳಿಗ್ಗೆ ಬಂದು ತೆಗೆದು ಬೀರುವಿನಲ್ಲಿಟ್ಟು ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಹೀಗಿರುವಾಗ ಸರ್ವರಿನ ಡಿಸ್ಕ್ ಕೆಟ್ಟಿತು. ಟೇಪಿನಿಂದ ಮರಳಿ ತುಂಬಿಸಿದರೆ ಲೆಕ್ಕದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಸರ್ವಿಸ್‌ನವನು ಬಂದ, ಎರಡು ಟೇಪು ಹಾಕಿ ನೋಡಿದ. "ಟೇಪೇ ಕರಪ್ಟ್ ಆಗೋಗೈತೆ ಸಾರ್, ಇದ್ರಾಗೇನೂ ಉಳ್ದಿಲ್ಲ" ಅಂದ. ನಡಾವಳಿ ಪುಸ್ತಕದಲ್ಲೂ ಹಾಗೆಯೇ ಬರೆದರು.

ಆಮೇಲೆ ಪುರುಸೊತ್ತಾಗಿ ಕೂತು ನೋಡಿದಾಗ ತಿಳಿದದ್ದು ಬೇರೆ. ಟೇಪು ಈ ತುದಿಯಿಂದ ಆ ತುದಿಯವರೆಗೆ ಒಂದು ದೋಷವೂ ಇಲ್ಲದೆ ಓದಿಸಿಕೊಂಡಿತು. ಸುತ್ತೋಲೆಗಳು, ನೋಟಿಸುಗಳು, ಸದಸ್ಯರ ಅರ್ಜಿಗಳು, ಹಳೆಯ ಮಹಾಸಭೆಯ ಆಹ್ವಾನ ಪತ್ರಿಕೆ ಕೂಡ ಅದರಲ್ಲಿ ಸುಖವಾಗಿತ್ತು. ಇಲ್ಲದ್ದು ಒಂದೇ: ಮುಖ್ಯ ಲೆಕ್ಕದ ಫೈಲು. ಕೌಂಟರಿನ ಕಂಪ್ಯೂಟರಿನಲ್ಲಿ ಲೆಕ್ಕದ ಸಾಫ್ಟ್‌ವೇರನ್ನು ಮುಚ್ಚದೆಯೇ ಮನೆಗೆ ಹೋಗುವುದು ಅಲ್ಲಿ ವಾಡಿಕೆ. ತೆರೆದಿದ್ದ ಫೈಲಿಗೆ ಬೀಗ ಬಿದ್ದಿರುತ್ತಿತ್ತು. ಬ್ಯಾಕಪ್ ಪ್ರೋಗ್ರಾಂ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಬಿಟ್ಟುಹೋಗಿದ್ದೇನೆ ಎಂದು ಲಾಗಿನಲ್ಲಿ ಬರೆದೂ ಇಡುತ್ತಿತ್ತು: "ಕಂಪ್ಲೀಟೆಡ್ ವಿತ್ ಎಕ್ಸೆಪ್ಷನ್ಸ್." ನೋಡುವವರ ಕಣ್ಣು ಮೊದಲ ಪದಕ್ಕೇ ನಿಲ್ಲುತ್ತಿತ್ತು. ಸೋಮವಾರದ್ದೂ ಹಾಗೇ, ಶನಿವಾರದ್ದೂ ಹಾಗೇ. ಕೊನೆಗೆ ರಸೀದಿ ಪುಸ್ತಕಗಳನ್ನೂ ಸದಸ್ಯರ ಪಾಸ್‌ಬುಕ್ಕುಗಳನ್ನೂ ಹರವಿಕೊಂಡು ಲೆಕ್ಕವನ್ನು ಮತ್ತೆ ಬರೆಯಬೇಕಾಯಿತು. ಕೊಟ್ಟದ್ದನ್ನೆಲ್ಲ ಚಾಚೂತಪ್ಪದೆ ಕಾಪಾಡಿದ ವಸ್ತು ಆ ಕಚೇರಿಯಲ್ಲಿ ಒಂದೇ ಇತ್ತು, ಶಿಕ್ಷೆಯಾದದ್ದೂ ಅದಕ್ಕೇ.

ಇದು ಒಂದು ಸಂಘದ ದುರದೃಷ್ಟವಲ್ಲ ಎನ್ನುವುದಕ್ಕೆ ಡೇಟಾ ಟೇಪಿಗೆ ಹೋಗುವ ದಾರಿಯನ್ನೇ ನೋಡಬೇಕು. ಡಿಸ್ಕಿನಿಂದ ಮೆಮೊರಿಗೆ, ಅಲ್ಲಿಂದ ಬ್ಯಾಕಪ್ ಪ್ರೋಗ್ರಾಮಿಗೆ, ಅಲ್ಲಿಂದ ಕಾರ್ಡು ಮತ್ತು ಕೇಬಲ್ಲಿನ ಮೂಲಕ ಡ್ರೈವಿಗೆ, ಅಲ್ಲಿಂದ ಟೇಪಿಗೆ. ಈ ದಾರಿಯಲ್ಲಿ ಅತಿ ಹೆಚ್ಚು ಕಾವಲಿರುವುದು ಕೊನೆಯ ಹಂತಕ್ಕೆ. ಎಲ್‌ಟಿಒ ಎಂಬ ಜಾತಿಯ ಟೇಪ್ ಡ್ರೈವಿನಲ್ಲಿ ಬರೆಯುವ ಹೆಡ್ಡಿನ ಬೆನ್ನಿಗೇ ಓದುವ ಹೆಡ್ಡಿರುತ್ತದೆ. ಬರೆದದ್ದನ್ನು ಆ ಕ್ಷಣವೇ ಓದಿ ನೋಡಿ, ಸರಿಬಾರದಿದ್ದರೆ ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಅದರ ಮೇಲೆ ಎರಡು ಸುತ್ತಿನ ದೋಷ ತಿದ್ದುವ ಸಂಕೇತಗಳು ಬೇರೆ. ಅದರ ಎಂಟನೆಯ ಪೀಳಿಗೆಯಾದ ಎಲ್‌ಟಿಒ-8ರ ವಿಚಾರದಲ್ಲಿ ತಯಾರಕರು ಕೊಡುವ ಲೆಕ್ಕ ಇದು: 1ರ ಮುಂದೆ 19 ಸೊನ್ನೆ ಹಾಕಿದಷ್ಟು ಬಿಟ್ಟುಗಳನ್ನು ಓದಿದರೆ ತಿದ್ದಲಾಗದ ದೋಷ ಒಂದು. ಮನೆ, ಸಣ್ಣ ಕಚೇರಿಗಳಲ್ಲಿ ಬಳಸುವ ಹಾರ್ಡ್ ಡಿಸ್ಕಿಗೆ ಅದೇ ಲೆಕ್ಕವನ್ನು ಸಾಮಾನ್ಯವಾಗಿ 14 ಸೊನ್ನೆಗೇ ಕೊಡುತ್ತಾರೆ. ತಯಾರಕರ ಮಾತನ್ನು ಅರ್ಧಕ್ಕರ್ಧ ಕಡಿದು ನಂಬಿದರೂ ಯಾರನ್ನು ಮೊದಲು ಅನುಮಾನಿಸಬೇಕು ಎನ್ನುವುದು ಸ್ಪಷ್ಟ.

ಇನ್ನು ಕಾವಲಿಲ್ಲದ ಹಂತಗಳು. ಕಡಿಮೆ ಬೆಲೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡ ಕಡೆ ಮೆಮೊರಿಗೆ ದೋಷ ತಿದ್ದುವ ಶಕ್ತಿ ಇರುವುದಿಲ್ಲ. ಅಲ್ಲಿ ಒಂದು ಬಿಟ್ಟು ತಿರುಗಿಬಿದ್ದರೆ ಡ್ರೈವು ಆ ತಪ್ಪನ್ನೇ ಪರಮ ಶ್ರದ್ಧೆಯಿಂದ ಬರೆದು, ಓದಿ ನೋಡಿ, ಸರಿಯಾಗಿದೆ ಎಂದು ಹೇಳುತ್ತದೆ. ಹಳೆಯ ಸ್ಕಸಿ ಕೇಬಲ್ಲಿನ ತುದಿಗೆ ಟರ್ಮಿನೇಟರ್ ಹಾಕಿರದಿದ್ದರೆ ಒಂದು ದಿನ ಓದುತ್ತದೆ, ಇನ್ನೊಂದು ದಿನ ಇಲ್ಲ. ಬರೆಯುವಾಗ ಇಟ್ಟ ಬ್ಲಾಕ್ ಸೈಜ್ ಒಂದು, ಓದುವಾಗ ಇಟ್ಟದ್ದು ಇನ್ನೊಂದು ಆದರೆ ಇಡೀ ಟೇಪು ಸರಿಯಿದ್ದೂ ಒಂದಕ್ಷರ ಬರುವುದಿಲ್ಲ. ಲಿನಕ್ಸಿನಲ್ಲಿ ಟಾರ್ ಎಂಬ ಪ್ರೋಗ್ರಾಂ ಬಳಸುವವರಿಗೆ ಇದು ಗೊತ್ತು: ಬ್ಲಾಕ್ ದೊಡ್ಡದಿದ್ದು ನಾವು ಚಿಕ್ಕದನ್ನು ಕೇಳಿದರೆ "ಕ್ಯಾನಾಟ್ ಅಲೊಕೇಟ್ ಮೆಮೊರಿ" ಎನ್ನುತ್ತದೆ. ಪಾಪ, ಅದನ್ನು ಕಂಡವರು ಹೋಗಿ ರ‍್ಯಾಮ್ ಕೊಂಡು ತರುತ್ತಾರೆ! ಡೇಟಾ ಒದಗಿಸುವ ಕಂಪ್ಯೂಟರ್ ನಿಧಾನವಾಗಿದ್ದು ಡ್ರೈವು ವೇಗದ್ದಾದರೆ ಟೇಪು ನಿಲ್ಲುವುದು, ಹಿಂದಕ್ಕೆ ಸರಿಯುವುದು, ಮತ್ತೆ ಹೊರಡುವುದು ಇದೇ ಆಗಿ ಹೆಡ್ಡೂ ಟೇಪೂ ಸವೆಯುತ್ತವೆ. ಇವುಗಳಲ್ಲಿ ಯಾವುದು ಟೇಪಿನ ತಪ್ಪು?

ಧೂಳಿನ ಮಾತನ್ನು ಬೇರೆಯೇ ಹೇಳಬೇಕು. ರಸ್ತೆಗೆ ಬಾಗಿಲಿರುವ ಕಚೇರಿ, ಏಸಿ ಇಲ್ಲ, ಬೇಸಿಗೆಯಲ್ಲಿ ಕಿಟಕಿ ತೆರೆದೇ ಇರುತ್ತದೆ. ಡ್ರೈವಿನ ಮುಂದಿನ ದೀಪ ಮಿನುಗುತ್ತಾ ಹೆಡ್ ಒರೆಸಿ ಎಂದು ಕೇಳುತ್ತದೆ. ಕ್ಲೀನಿಂಗ್ ಕಾರ್ಟ್ರಿಡ್ಜ್ ಕೊಂಡಿರುತ್ತಾರೆ, ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿರುವುದಿಲ್ಲ. ಬಿಚ್ಚಿದ ಕಡೆ ಒಂದನ್ನೇ ಮುಗಿಯದ ಅಕ್ಷಯಪಾತ್ರೆ ಎಂಬಂತೆ ಬಳಸುತ್ತಾರೆ. ಅದಕ್ಕೂ ಇಂತಿಷ್ಟು ಸಲ ಎಂದು ಮಿತಿಯುಂಟು, ಮುಗಿದ ಮೇಲೆ ಅದು ಒರೆಸುವುದಿಲ್ಲ. ಕೊಳೆಯಾದ ಹೆಡ್ಡು ಒಳ್ಳೆಯ ಟೇಪನ್ನೂ ಓದಲಾರದು. ಓದಲಾರದ ಟೇಪನ್ನು ಎಸೆದು ಹೊಸದನ್ನು ಹಾಕುತ್ತಾರೆ, ಅದೂ ಹಾಗೇ ಆಗುತ್ತದೆ. ಆಗ "ಈ ಬ್ಯಾಚೇ ಸರಿ ಇಲ್ಲ" ಎಂಬ ತೀರ್ಮಾನ ಬರುತ್ತದೆ.

ಹಾಗಾದರೆ ಓದದ ಟೇಪು ಎದುರಿಗಿದ್ದಾಗ ಮಾಡಬೇಕಾದ್ದೇನು? ಮೊದಲು ಮಾಡಬೇಕಾದ್ದು ಏನನ್ನೂ ಬರೆಯದಿರುವುದು. ಕಾರ್ಟ್ರಿಡ್ಜಿನ ಅಂಚಿನಲ್ಲಿರುವ ಪುಟ್ಟ ಗುಬುಟನ್ನು ಜರುಗಿಸಿದರೆ ಬರೆಯುವ ದಾರಿ ಮುಚ್ಚುತ್ತದೆ. ಇದನ್ನು ಮಾಡದೆ ರಾತ್ರಿಯ ಬ್ಯಾಕಪ್ಪನ್ನು ಅದೇ ಟೇಪಿಗೆ ಬಿಟ್ಟು ಉಳಿದದ್ದನ್ನೂ ಕಳೆದುಕೊಂಡವರಿದ್ದಾರೆ. ಆಮೇಲೆ ಹೆಡ್ ಒರೆಸಿ ಮತ್ತೆ ಓದಿಸುವುದು. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಇದೇ ಇಡೀ ವಿದ್ಯೆ. ಇದೇ ಡ್ರೈವಿನಲ್ಲಿ ಬೇರೆ ಟೇಪು, ಬೇರೆ ಡ್ರೈವಿನಲ್ಲಿ ಇದೇ ಟೇಪು. ತಪ್ಪು ಟೇಪಿನ ಹಿಂದೆ ಹೋಯಿತೋ ಡ್ರೈವಿನಲ್ಲೇ ಕೂತಿತೋ ಎಂದು ನೋಡಿದರೆ ಅರ್ಧ ಜಗಳ ಮುಗಿಯಿತು. ತಪ್ಪು ಪ್ರತಿ ಸಲವೂ ಟೇಪಿನ ಅದೇ ಜಾಗದಲ್ಲಿ ಬರುತ್ತದೆಯೇ, ಒಮ್ಮೊಮ್ಮೆ ಒಂದೊಂದು ಕಡೆಯೇ? ಅದೇ ಜಾಗವಾದರೆ ಟೇಪಿನ ಮೇಲೆ ಅನುಮಾನ ಪಡಬಹುದು. ಜಾಗ ಬದಲಾಗುತ್ತಿದ್ದರೆ ಕೇಬಲ್ಲು, ಕಾರ್ಡು, ಮೆಮೊರಿ. ಟೇಪು ಸಲೀಸಾಗಿ ಓದಿಸಿಕೊಂಡು ಒಳಗಿನ ಫೈಲು ಮಾತ್ರ ಕೆಟ್ಟಿದ್ದರೆ ತಪ್ಪು ಟೇಪಿಗೆ ಬರುವ ಮುಂಚೆಯೇ ಆಗಿದೆ; ಆಗ ಹುಡುಕಬೇಕಾದ್ದು ಬೀರುವಿನಲ್ಲಲ್ಲ, ಕೌಂಟರಿನಲ್ಲಿ.

ಫೈಲು ಕೆಟ್ಟಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದರೆ ಹೆಬ್ಬೂರಿನ ರೈತನಿಗೆ ಉದಾಹರಣೆ ಕೊಡುವುದು ಸುಲಭ. ಪಹಣಿಯ ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, ಕಾಲಂ 9ರಲ್ಲಿ ಖಾತೆದಾರರ ಹೆಸರು ಮತ್ತು ಅವರವರ ಪಾಲು. ಪಾಲುಗಳನ್ನು ಕೂಡಿದರೆ ಮೂಲ ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಎರಡು ಗುಂಟೆ ಹೆಚ್ಚುಕಡಿಮೆಯಾದರೂ ಕ್ರಯ ನಿಲ್ಲುತ್ತದೆ, ಸಾಲ ನಿಲ್ಲುತ್ತದೆ, ತಿದ್ದುಪಡಿಗೆ ಅಲೆದಾಟ ಶುರುವಾಗುತ್ತದೆ. ಚೆಕ್‌ಸಮ್ ಎನ್ನುವುದು ಇದೇ ಕೆಲಸ ಮಾಡುತ್ತದೆ. ಫೈಲು ಡಿಸ್ಕಿನಲ್ಲಿ ಸರಿಯಾಗಿರುವಾಗ ಲೆಕ್ಕ ಹಾಕಿ ಒಂದು ಸಂಖ್ಯೆ ತೆಗೆದಿಡಬೇಕು. ಟೇಪಿನಿಂದ ಮರಳಿ ತಂದ ಫೈಲಿಗೂ ಅದೇ ಲೆಕ್ಕ ಹಾಕಿ ತಾಳೆ ನೋಡಬೇಕು. ಎಸ್‌ಎಚ್‌ಎ-256 ಎಂಬ ಪದ್ಧತಿಯಲ್ಲಿ ಇದು 64 ಅಕ್ಷರಗಳ ಒಂದು ಸಾಲು, ಒಳಗೆ ಒಂದೇ ಬಿಟ್ಟು ಬದಲಾದರೂ ಸಾಲಿಗೆ ಸಾಲೇ ಬೇರೆಯಾಗುತ್ತದೆ. ಕಾಸು ಖರ್ಚಿಲ್ಲ. ಎರಡು ಗುಂಟೆ ವ್ಯತ್ಯಾಸಕ್ಕೆ ರೈತನನ್ನು ತಿಂಗಳುಗಟ್ಟಲೆ ಅಲೆಸುವ ವ್ಯವಸ್ಥೆ ತನ್ನ ಸ್ವಂತ ಟೇಪಿನ ವಿಚಾರದಲ್ಲಿ ಮಾತ್ರ ಕೂಡಿಸಿ ನೋಡುವುದೇ ಇಲ್ಲ.

ಕ್ಲೌಡಿನ ಮಾತಿಗೆ ಬರೋಣ. "ಗೂಗಲ್‌ನಂಥೋರೇ ಟೇಪ್ ಬಿಟ್ಟಿದಾರೆ" ಎಂದು ಮಾರಾಟಗಾರರು ಹೇಳುವುದುಂಟು. 2011ರ ಫೆಬ್ರುವರಿಯಲ್ಲಿ ಗೂಗಲ್ಲಿನ ಸಾಫ್ಟ್‌ವೇರ್ ಬದಲಾವಣೆಯಲ್ಲಿದ್ದ ದೋಷದಿಂದ ಜಿಮೇಲ್ ಬಳಸುವವರಲ್ಲಿ ಸುಮಾರು ಶೇ. 0.02ರಷ್ಟು ಮಂದಿಯ ಅಂಚೆಪೆಟ್ಟಿಗೆಗಳು ಖಾಲಿಯಾದವು. ಬೇರೆ ಬೇರೆ ಕೇಂದ್ರಗಳಲ್ಲಿ ಪ್ರತಿಗಳಿದ್ದವು, ದೋಷ ಆ ಪ್ರತಿಗಳಿಗೂ ತಟ್ಟಿತು. ಟಪಾಲು ಮರಳಿ ಬಂದದ್ದು ಟೇಪಿನಿಂದ. ಟೇಪು ಬೀರುವಿನಲ್ಲಿ ತಂತಿ ಕಡಿದುಕೊಂಡು ಕೂತಿದ್ದರಿಂದಲೇ ಆ ರೋಗ ಅದಕ್ಕೆ ಅಂಟಲಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆ ಗೂಗಲ್ ಕ್ಲೌಡಿನಿಂದ ಅಳಿಸಿಹೋಯಿತು, ಎರಡು ಸ್ಥಳಗಳಲ್ಲಿದ್ದ ಪ್ರತಿಗಳ ಸಮೇತ. ಮರಳಿ ಕಟ್ಟುವಾಗ ಬೇರೊಬ್ಬರ ಬಳಿ ಇಟ್ಟಿದ್ದ ಬ್ಯಾಕಪ್ಪೂ ನೆರವಾಯಿತು. ದಕ್ಷಿಣ ಕೊರಿಯಾದ ಸರ್ಕಾರಿ ಕ್ಲೌಡಿನ ಕತೆ ಇನ್ನೂ ಹತ್ತಿರದ್ದು: 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು, ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣದ 858 ಟೆರಾಬೈಟ್ ಹೋಯಿತು. ಬ್ಯಾಕಪ್ ಇರಲೇ ಇಲ್ಲ. ಅಷ್ಟು ದೊಡ್ಡದಕ್ಕೆ ಬ್ಯಾಕಪ್ ಮಾಡುವುದು ಕಷ್ಟ ಎಂಬುದು ಕೊಟ್ಟ ಸಮಜಾಯಿಷಿ. ಎಲ್‌ಟಿಒ-8ರ ಒಂದು ಟೇಪಿನಲ್ಲಿ 12 ಟೆರಾಬೈಟ್ ಹಿಡಿಯುತ್ತದೆ. ಭಾಗಿಸಿ ನೋಡಿ. ಒಂದು ಬೀರುವೂ ತುಂಬುವುದಿಲ್ಲ.

ಟೇಪಿಗೆ ದೋಷವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಡ್ಯಾಟ್ ಜಾತಿಯ ಡ್ರೈವುಗಳಲ್ಲಿ ತಿರುಗುವ ಹೆಡ್ಡಿನ ಕೋನ ಕೊಂಚ ಸರಿದರೂ ಆ ಡ್ರೈವು ಬರೆದದ್ದನ್ನು ಆ ಡ್ರೈವೇ ಓದಬೇಕು. ಅದು ಸತ್ತರೆ ಟೇಪಿದ್ದೂ ಇಲ್ಲದಂತೆ. ಎಲ್‌ಟಿಒ ಏಳನೆಯ ಪೀಳಿಗೆಯವರೆಗೆ ಹಿಂದಿನ ಎರಡು ಪೀಳಿಗೆಯ ಟೇಪನ್ನು ಓದುತ್ತಿತ್ತು, ಎಂಟರಲ್ಲಿ ಅದು ಒಂದಕ್ಕೆ ಇಳಿಯಿತು. ಹಾಗಾಗಿ ಹಳೆಯ ಟೇಪು ಇಟ್ಟುಕೊಂಡವರು ಹಳೆಯ ಡ್ರೈವನ್ನೂ ಸಾಕಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ, ಮಳೆಗಾಲದಲ್ಲಿ ಸೋರುವ ಗೋಡೆಯ ಪಕ್ಕ ಇಟ್ಟರೆ ಟೇಪು ಕೆಡುತ್ತದೆ, ನಿಜ. ಹೆಬ್ಬೂರಿನ ಒಂದು ಸಣ್ಣ ಸಂಘ ಲಕ್ಷಾಂತರ ಕೊಟ್ಟು ಎಲ್‌ಟಿಒ ಡ್ರೈವು ಕೊಳ್ಳಲಿ ಎಂದೂ ಹೇಳುವುದಿಲ್ಲ. ಎರಡು ಹಾರ್ಡ್ ಡಿಸ್ಕನ್ನು ಸರದಿಯಲ್ಲಿ ಬಿಚ್ಚಿ ಬೇರೆ ಮನೆಯಲ್ಲಿಟ್ಟರೂ ಸಾಕು. ಕ್ಲೌಡಿಗೂ ಹಾಕಲಿ, ಬೇಡ ಎಂದವರು ಯಾರು? ಆದರೆ ಟೇಪನ್ನು ವರ್ಷಗಟ್ಟಲೆ ಓದಿ ನೋಡದವರು ಕ್ಲೌಡಿನಲ್ಲಿ ನೋಡುತ್ತಾರೆಯೇ? ಬೀಗ ಬಿದ್ದ ಲೆಕ್ಕದ ಫೈಲನ್ನು ಟೇಪಿನ ಪ್ರೋಗ್ರಾಂ ಬಿಟ್ಟುಹೋದ ಹಾಗೆ ಕ್ಲೌಡಿನ ಪ್ರೋಗ್ರಾಮೂ ಬಿಟ್ಟುಹೋಗುತ್ತದೆ. ತಿಂಗಳ ಬಾಡಿಗೆ ಮಾತ್ರ ಬಿಡುವುದಿಲ್ಲ.

ದೊಡ್ಡವರೂ ಇದರಲ್ಲಿ ಜಾರಿದ್ದಾರೆ. 1998ರಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಪಿಕ್ಸಾರಿನಲ್ಲಿ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಫೈಲುಗಳು ಅಳಿಸಿಹೋದವು. ಬ್ಯಾಕಪ್ಪಿನಿಂದ ತರಲು ಹೋದಾಗ ಅದು ಕೆಲಕಾಲದಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ ಎಂದು ತಿಳಿಯಿತು. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿದ್ದರಿಂದ ಚಿತ್ರ ಬದುಕಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಅಳಿಸಿದಾಗಲೂ ಹೀಗೇ. ಬ್ಯಾಕಪ್ಪಿನ ಪ್ರೋಗ್ರಾಮಿನ ಆವೃತ್ತಿ ಹೊಂದದೆ ಅದು ದಿನವೂ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಇಮೇಲುಗಳು ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಕೈಹಿಡಿಯಿತು. ನಾಸಾ ಕಳೆದುಕೊಂಡ ಅಪೊಲೊ 11ರ ಮೂಲ ಟೇಪುಗಳೂ ಕೆಟ್ಟು ಹೋದವಲ್ಲ. ಬಹುಮಟ್ಟಿಗೆ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಮರುಬಳಕೆ ಮಾಡಲಾಯಿತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಇವುಗಳಲ್ಲೂ ಟೇಪು ಆರೋಪಿಯಲ್ಲ.

ಇದನ್ನೆಲ್ಲ ಹೆಬ್ಬೂರಿನಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕಿಗೆ ತಾಲ್ಲೂಕು ಗಣಕೀಕೃತವಾದಂತೆ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸಾರಲಾಯಿತು. ನಾನು ಅದರ ವಿರೋಧಿಯಲ್ಲ. ಗ್ರಾಮ ಲೆಕ್ಕಿಗರ ಹಿಂದೆ ತಿರುಗಿದ ದಿನಗಳು ಮರಳಿ ಬರಲಿ ಎಂದು ಬಯಸುವವರು ಆ ದಿನ ಕಂಡವರಲ್ಲ. ಆದರೆ ಅಲ್ಲಿಗೆ ಒಂದು ಸಂಗತಿ ಬದಲಾಯಿತು. ಆ ಸಹಕಾರ ಸಂಘಕ್ಕೆ ರಸೀದಿ ಪುಸ್ತಕಗಳಿದ್ದವು, ಸದಸ್ಯರ ಕೈಯಲ್ಲಿ ಪಾಸ್‌ಬುಕ್ಕಿತ್ತು. ಕಾಗದ ಮೂಲವಾಗಿ, ಕಂಪ್ಯೂಟರ್ ನಕಲಾಗಿದ್ದಾಗ ಬ್ಯಾಕಪ್ ಸೋತರೆ ಕೆಲಸ ಹೆಚ್ಚಾಗುತ್ತಿತ್ತು, ಅಷ್ಟೇ. ಈಗ ಕಂಪ್ಯೂಟರಿನಲ್ಲಿರುವುದೇ ಮೂಲ. ತಾಲ್ಲೂಕು ಕಚೇರಿಯ ಹಳೆಯ ಕಡತಗಳನ್ನೂ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯದೇ. ಸ್ಕ್ಯಾನ್ ಆದ ಮೇಲೆ ಗೆದ್ದಲು ಹಿಡಿದ ಕಾಗದದ ಮೇಲೆ ಯಾರಿಗೂ ಅಕ್ಕರೆ ಉಳಿಯುವುದಿಲ್ಲ ಎನ್ನುವುದನ್ನು ಮಾತ್ರ ನೆನಪಿಟ್ಟಿರಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಸೈಬರ್ ದಾಳಿಯಾಗಿ ಸುಮಾರು 1.3 ಟೆರಾಬೈಟ್ ಡೇಟಾಕ್ಕೆ ಬೀಗ ಬಿದ್ದಾಗ, ಇ-ಹಾಸ್ಪಿಟಲ್ ಮಾಹಿತಿಯನ್ನು ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರಿನಿಂದ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಅದೂ ಸಿಕ್ಕಿಬಿದ್ದಿದ್ದರೆ?

ಸಹಕಾರ ಸಂಘಗಳಿಗೆ ಪ್ರತಿವರ್ಷ ಲೆಕ್ಕಪರಿಶೋಧನೆ ಉಂಟು, ಪಂಚಾಯಿತಿಗಳಲ್ಲಿ ಜಮಾಬಂದಿ ಉಂಟು. ಆಡಿಟರು ನಗದು ಪೆಟ್ಟಿಗೆಯನ್ನು ತೆರೆಸಿ ನೋಟು ಎಣಿಸುತ್ತಾರೆ, "ಪೆಟ್ಟಿಗೆ ಇದೆಯೇ?" ಎಂದು ಕೇಳಿ ಎದ್ದುಹೋಗುವುದಿಲ್ಲ. ಬ್ಯಾಕಪ್ಪಿನ ವಿಷಯ ಬಂದಾಗ ಮಾತ್ರ "ತಗೋತಿದೀರಾ?" "ತಗೋತಿದೀವಿ ಸಾರ್" ಎಂಬಲ್ಲಿಗೆ ಪಟ್ಟಿಯಲ್ಲಿ ಗೀಟು ಬೀಳುತ್ತದೆ. ಆ ಪ್ರಶ್ನೆಯನ್ನು ಕಿತ್ತುಹಾಕಿ ಇದನ್ನು ಬರೆಯಲಿ: ಈ ತ್ರೈಮಾಸಿಕದಲ್ಲಿ ಯಾವ ದಿನದ ಟೇಪನ್ನು ಮರಳಿ ಓದಿಸಿದಿರಿ, ಯಾವ ಯಂತ್ರದಲ್ಲಿ, ಆ ದಿನದ ಕೊನೆಯ ಶಿಲ್ಕು ಲೆಡ್ಜರಿಗೆ ತಾಳೆಯಾಯಿತೇ, ನೋಡಿದವರ ಸಹಿ ಎಲ್ಲಿ? ಬೇಕಾಗುವುದು ಮೂಲೆಗೆ ಹಾಕಿದ ಒಂದು ಹಳೆಯ ಕಂಪ್ಯೂಟರು, ಟೇಪನ್ನು ಓದಬಲ್ಲ ಇನ್ನೊಂದು ಡ್ರೈವು, ಒಂದು ಮಧ್ಯಾಹ್ನ. ಓದಲಿಲ್ಲವೆಂದರೆ "ಟೇಪ್ ಕರಪ್ಟ್" ಎಂಬ ಷರಾ ಬರೆಯಲು ಬಿಡಕೂಡದು; ಬೇರೆ ಡ್ರೈವಿನಲ್ಲಿ ಓದಿಸಿದ ಫಲಿತಾಂಶವನ್ನೂ ಲಾಗಿನ ಪೂರ್ತಿ ಪ್ರತಿಯನ್ನೂ ಲಗತ್ತಿಸಲು ಹೇಳಬೇಕು. ಇದಕ್ಕೆ ಟೆಂಡರಿನ ಅಗತ್ಯವಿಲ್ಲ, ಕಮಿಷನ್ನಿಗೂ ದಾರಿಯಿಲ್ಲ. ಈ ಸಲದ ಮಹಾಸಭೆಯಲ್ಲಿ ಲಾಭಾಂಶದ ಚರ್ಚೆ ಮುಗಿದ ಮೇಲೆ ಯಾರಾದರೂ ಸದಸ್ಯರು ಎದ್ದು ನಿಂತು ಈ ಪ್ರಶ್ನೆ ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.